ಕಟ್ಟುವವನು ನಾನು, ಕೂಡಿಸುವವನಲ್ಲ

ಯಲ್ಲಾಪುರ
೨೩ ಫೆಬ್ರವರಿ ೨೦೨೪, ಶುಕ್ರವಾರ

ಹೊನ್ನಪ್ಪ ಮಾಸ್ತರ್ರಿಗೆ,

ಇದು ರಾಜಿ ಕಾಗದ ಅಲ್ಲ. ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬಿಳಗಿಯ ಕಟ್ಟೆ ಮೇಲೆ ಕೂತು ‘ಬಸ್ತ್ಯಾಂವ ಕಡೆಗೂ ಬಗ್ಗಿದ’ ಎಂದು ಹೋಗಿ ಬರುವವರಿಗೆಲ್ಲ ಹೇಳಬೇಡಿ. ನನಗೆ ಹತ್ತು ಕಡ್ಡಿ ಬೇಕು. ನಿಮ್ಮ ಹಳ್ಳದ ದಂಡೆಯ ಜೀರಿಗೆ ಅಪ್ಪೆ ಮಾವಿನ ಮರದ ಕಸಿ ಕಡ್ಡಿ. ಅಷ್ಟೇ.

ಫೋನು ಯಾಕೆ ಮಾಡಲಿಲ್ಲ ಎಂದರೆ, ನನ್ನ ಕಿವಿ ಎರಡೂ ಹೋಗಿವೆ. ಮಿಶನ್ನು ಹಾಕಿಕೊಂಡರೆ ಒಳಗೆ ಕೊಡಲಿ ಮಸೆದ ಹಾಗೆ ಆಗುತ್ತದೆ, ತೆಗೆದು ಡಬ್ಬಿಗೆ ಹಾಕಿದ್ದೇನೆ. ಅದೂ ಅಲ್ಲದೆ ನಿಮ್ಮ ಹತ್ತಿರ ಮಾತಾಡಿದರೆ ಬಾಯಿಗೆ ಬಂದದ್ದು ಬರುತ್ತದೆ. ಕಾಗದ ಆದರೆ ಹರಿದು ಇನ್ನೊಂದು ಬರೆಯಬಹುದು. ಇದು ಮೂರನೆಯದು.

ಸಂಗತಿ ಇಷ್ಟು. ನನ್ನ ಸೆಸಿಲಿ ಹಾಕಿಟ್ಟ ಕಡೇ ಉಪ್ಪಿನಕಾಯಿ ಭರಣಿ ಇವತ್ತು ಖಾಲಿಯಾಯಿತು. ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರ ನಮ್ಮ ಮನೆಯಲ್ಲಿ ಗಂಜಿ, ಒಂದು ಮಿಡಿ, ಮತ್ತೇನಿಲ್ಲ. ಅದು ನಿಮಗೂ ಗೊತ್ತು, ಎಷ್ಟು ಸಲ ಬಂದು ಉಂಡಿದ್ದೀರಿ. ನಿಮ್ಮ ಮರದ ಮಿಡಿಯೇ, ನಾಲ್ಕು ವರ್ಷ ಕಳೆದರೂ ಕಡಿದರೆ ಕಟಕ್ ಎನ್ನುತ್ತಿತ್ತು. ಕಡೇದನ್ನು ತಿಂದು, ಭರಣಿ ತೊಳೆದು, ಅವಳು ಕೈಯಾರೆ ನೆಟ್ಟ ಗಿಡದ ಹತ್ತಿರ ಹೋದೆ. ನಿಮ್ಮ ಮರದಿಂದ ನಾನು ಕಸಿ ಕಟ್ಟಿದ ಗಿಡ. ಅವಳು ಹೋದ ಮೇಲೆ ದಿನಾ ಬೆಳಿಗ್ಗೆ ಅದರ ಬುಡದಲ್ಲಿ ನಿಂತು ಜಪ ಹೇಳುವುದು ನನ್ನ ರೂಢಿ. ಇವತ್ತು ಯಾಕೋ ಒಂದು ಎಲೆ ಕಿತ್ತು ತಿಕ್ಕಿ ಮೂಸಿದೆ.

ಜೀರಿಗೆ ಇಲ್ಲ. ಬರೀ ಹಸಿ ಹಸಿ ಕಾಡುಮಾವಿನ ಸೊಪ್ಪಿನ ವಾಸನೆ.

ಕೂತು ಬುಡ ಕೆರೆದು ನೋಡಿದೆ. ಕಸಿಗಂಟು ಒಣಗಿ ಕರಿಕಟ್ಟಿ ಯಾವ ಕಾಲವಾಯಿತೋ. ಗಂಟಿನ ಕೆಳಗಿಂದ, ಕಸಿಗೆ ಬುಡವಾಗಿದ್ದ ಕಾಡುಮಾವಿನ ಬೇರುಗಿಡ ತಾನೇ ಚಿಗುರಿ ಮರವಾಗಿದೆ. ಅವಳು ಹೋದ ವರ್ಷ ನಾನು ಅಂಗಳದ ಬೇಲಿ ನೋಡಲಿಲ್ಲ, ದನ ಬಂದು ತುದಿ ಮೇದಿರಬೇಕು. ಐವತ್ತು ವರ್ಷ ಕಸಿ ಕಟ್ಟಿದವನು ನಾನು. ಕಲಿಯಲು ಬಂದ ಹುಡುಗರಿಗೆ ‘ಗಂಟಿನ ಕೆಳಗೆ ಚಿಗುರಿದ್ದನ್ನ ಚಿವುಟದವ ಕಸಿಗಾರನೇ ಅಲ್ಲ’ ಎಂದು ತಲೆಗೆ ಮೊಟಕಿದವನು. ಮೂರು ವರ್ಷ ಬೇರೆ ಮರದ ಮುಂದೆ ನಿಂತು ಹೆಂಡತಿ ಹೆಸರು ಹೇಳಿ ಪ್ರಾರ್ಥನೆ ಮಾಡಿದ್ದೇನೆ.

ಅವಳ ಮರ ಇನ್ನು ಇರುವುದು ನಿಮ್ಮ ಹಳ್ಳದಲ್ಲಿ ಮಾತ್ರ. ಆ ಜಾತಿಯದು ಬೇರೆ ಎಲ್ಲೂ ಇಲ್ಲ. ಬೀಜದಿಂದ ಅದು ಬರುವುದಿಲ್ಲ.

ಕಡ್ಡಿ ಕೊಡುತ್ತೀರೋ ಇಲ್ಲವೋ ಒಂದು ಸಾಲು ಬರೆಯಿರಿ.

ಬಸ್ತ್ಯಾಂವ ಸಿದ್ದಿ

—

ಬಿಳಗಿ, ಸಿದ್ದಾಪುರ ತಾಲೂಕು
೧೧ ಮಾರ್ಚ್ ೨೦೨೪

ಬಸ್ತ್ಯಾಂವಣ್ಣ,

ನಿನ್ನ ಅಕ್ಷರ ನೋಡಿ ಪೋಸ್ಟ್‌ಮನ್ ಮುಂದೆಯೇ ಕುರ್ಚಿಯಲ್ಲಿ ಕೂತೆ. ಅವನು ‘ಎಂತಾ ಮಾಸ್ತರ್ರೇ, ಯಾರಾದ್ರೂ ಹೋದ್ರಾ?’ ಎಂದ. ‘ಇಲ್ಲೋ, ಹೋದವನೊಬ್ಬ ಬಂದ’ ಎಂದೆ.

ಕಡ್ಡಿ ಕೊಡುತ್ತೀರೋ ಎಂದು ಕೇಳಿದ್ದೀಯ. ಕೇಳಬೇಕಾ? ಆದರೆ ಕೆಟ್ಟ ಸುದ್ದಿ ಒಂದಿದೆ, ಬೈಯಬೇಡ. ಹೋದ ಮಳೆಗಾಲ ದಂಡೆ ಜರಿದು ಮರ ಹಳ್ಳಕ್ಕೆ ಮಲಗಿತು. ಅರ್ಧ ಬೇರು ಆಕಾಶ ನೋಡುತ್ತಿದೆ, ಉಳಿದರ್ಧ ಇನ್ನೂ ಮಣ್ಣು ಹಿಡಿದುಕೊಂಡಿದೆ. ದೊಡ್ಡ ಕೊಂಬೆಗಳೆಲ್ಲ ಒಣಗಿದವು. ದಂಡೆ ಕಡೆಯ ಒಂದೇ ಒಂದು ಕೊಂಬೆಯಲ್ಲಿ ಹಸಿರಿದೆ. ಸೊಸೆ ತನುಜಾ ಮೊನ್ನೆ ಇಳಿದು ನೋಡಿ ಬಂದಳು. ಬರುವ ಮಳೆಯ ನೀರಿಗೆ ನಿಲ್ಲುವುದು ಅನುಮಾನ. ನನ್ನ ಮೊಣಕಾಲು ಹಳ್ಳ ಇಳಿಯುವ ಸ್ಥಿತಿಯಲ್ಲಿಲ್ಲ. ನೀನು ಬಾ. ನಿನ್ನ ಚಾಕು ತಾ.

ಇನ್ನೊಂದು ಮಾತು. ಮೂರು ವರ್ಷ ಇದನ್ನು ಮನಸ್ಸಿನಲ್ಲೇ ಬರೆದು ಅಳಿಸಿದ್ದೇನೆ. ಸೆಸಿಲಕ್ಕನನ್ನು ಮಣ್ಣು ಮಾಡಿ ಬಂದ ಸಂಜೆ ನಿನ್ನ ಅಂಗಳದಲ್ಲಿ ನಾನು ಹೇಳಿದ್ದು ಇಷ್ಟೇ: ‘ಸಮಾಧಾನ ಮಾಡ್ಕೊ ಅಣ್ಣ. ಯಾರೂ ಮಾಡಿದ್ದಲ್ಲ, ಯಾರೂ ಒಯ್ದದ್ದೂ ಅಲ್ಲ. ಎಲ್ಲ ತನ್ನಿಂದ ತಾನೇ ಆಗೋದು, ತನ್ನಿಂದ ತಾನೇ ಹೋಗೋದು.’ ನೀನು ಕೈಯಲ್ಲಿದ್ದ ಚಹಾದ ಲೋಟ ಎಸೆದು, ‘ಏಳು, ಹೋಗು ನನ್ನ ಅಂಗಳದಿಂದ’ ಎಂದೆ. ಹೋದೆ. ನಾಗಿ ತೀರಿಕೊಂಡು ನಾನೂ ಹೆಂಡತಿ ಇಲ್ಲದವನಾದಾಗ ನನ್ನನ್ನು ಬದುಕಿಸಿದ ಮಾತು ಅದೊಂದೇ ಆಗಿತ್ತು. ಯಾರೂ ಮಾಡಿದ್ದಲ್ಲ ಎಂದಮೇಲೆ ಯಾರ ಮೇಲೂ ಸಿಟ್ಟು ಮಾಡಬೇಕಾಗಿಲ್ಲವಲ್ಲ. ನನಗೆ ಹಿಡಿದ ಔಷಧ ನಿನಗೂ ಹಿಡಿಯುತ್ತದೆ ಎಂದುಕೊಂಡೆ.

ನಲವತ್ತು ವರ್ಷ ನಾವು ಓಟಿನ ಬಗ್ಗೆ, ಮಳೆಯ ಬಗ್ಗೆ, ಮೀನಿನ ಸಾರಿಗೆ ಎಷ್ಟು ಹುಳಿ ಎಂಬುದರ ಬಗ್ಗೆ ಕಾದಾಡಿದ್ದೇವೆ. ಅದರಲ್ಲೆಲ್ಲ ನೀನು ಕಡೆಗೆ ನಗುತ್ತಿದ್ದೆ. ಈ ಸೃಷ್ಟಿ, ವಿಕಾಸದ ಮಾತು ಬಂದರೆ ಮಾತ್ರ ಉಣ್ಣುವ ಬಟ್ಟಲು ಬಿಟ್ಟು ಏಳುತ್ತಿದ್ದೆ. ಯಾಕೆ?

ನಿನ್ನ,
ಹೊನ್ನಪ್ಪ

—

ಯಲ್ಲಾಪುರ
೧೯ ಮಾರ್ಚ್ ೨೦೨೪

ಮಾಸ್ತರ್ರೇ,

ಮರ ಮಲಗಿ ಒಂಬತ್ತು ತಿಂಗಳಾಯಿತು, ಈಗ ಹೇಳುತ್ತೀರಿ. ನನಗೆ ಕಿವಿ ಇಲ್ಲ, ನಿಮಗೆ ಪೆನ್ನೂ ಇರಲಿಲ್ಲವೇ? ನಾನು ಹೊರಗೆ ಹಾಕಿದ್ದು ನಿಮ್ಮನ್ನು, ಮರವನ್ನಲ್ಲ.

ಇರಲಿ. ಒಂದು ಕೊಂಬೆ ಸಾಕು. ಈಗ ಯಾರೂ ಮುಟ್ಟಬೇಡಿ. ಬಿಸಿಲಲ್ಲಿ ಕಡ್ಡಿ ಕೊಯ್ದರೆ ಯಲ್ಲಾಪುರ ಮುಟ್ಟುವುದರೊಳಗೆ ಸೌದೆಯಾಗುತ್ತದೆ. ಮೊದಲ ಮಳೆ ಬಿದ್ದು ಗಾಳಿ ತಂಪಾಗಲಿ, ಆಗ ಹೇಳುತ್ತೇನೆ. ಅಲ್ಲಿಯವರೆಗೆ ಎತ್ತಿದ ಬೇರಿಗೆ ಹಳೇ ಗೋಣಿ ಹೊದೆಸಿ, ತನುಜಾಳಿಗೆ ಹೇಳಿ ಎರಡು ದಿನಕ್ಕೊಂದು ಕೊಡ ನೀರು ಹೊಯ್ಸಿ. ನಾನು ಬರುವುದಿಲ್ಲ. ಬಸ್ಸಿನಲ್ಲಿ ಕೂತರೆ ಸೊಂಟ ಹಿಡಿಯುತ್ತದೆ ಎಂದು ಇಟ್ಟುಕೊಳ್ಳಿ.

ಯಾಕೆ ಎಂದು ಕೇಳಿದ್ದೀರಿ. ನಮ್ಮ ಶಾಸ್ತ್ರದ ಮೊದಲ ಪುಟದಲ್ಲೇ ಇದೆ, ದೇವರು ಗಿಡಮರಗಳನ್ನು ಅವವುಗಳ ಜಾತಿಯಂತೆಯೇ ಮಾಡಿದ ಎಂದು. ಅದು ಪುಸ್ತಕದ ಮಾತು ಎನ್ನುತ್ತೀರಿ. ಸರಿ, ನನ್ನ ಕೈಯ ಮಾತು ಕೇಳಿ. ಮಾವಿಗೆ ಮಾವು ಕಟ್ಟಿದ್ದೇನೆ, ಹಲಸಿಗೆ ಹಲಸು ಕಟ್ಟಿದ್ದೇನೆ. ಹುಡುಗನಾಗಿದ್ದಾಗ ನರ್ಸರಿಯಲ್ಲಿ ಹುಚ್ಚು ಹಿಡಿದು ಹಲಸಿನ ಸಸಿಗೆ ಮಾವಿನ ಕಡ್ಡಿಯನ್ನೂ ಕಟ್ಟಿ ನೋಡಿದೆ. ಒಂದಲ್ಲ, ಅರವತ್ತು. ಅರವತ್ತೂ ಕಪ್ಪಾದವು. ಮೇಸ್ತ್ರಿ ನನ್ನ ಬೆನ್ನಿನ ಮೇಲೆ ಬಾರುಕೋಲು ಮುರಿದ. ಅವತ್ತೇ ನನಗೆ ಪಾಠವಾಯಿತು, ಬೇಲಿ ಹಾಕಿದವನು ಒಬ್ಬ ಇದ್ದಾನೆ, ಬೇಲಿ ಎಲ್ಲಿದೆ ಎಂದು ಅವನಿಗೆ ಗೊತ್ತಿದೆ.

ಜಾತಿಗೆ ಜಾತಿ ಸೇರಿದಾಗಲೂ ನಾನು ಮಾಡುವುದೇನು? ಕಡ್ಡಿಯನ್ನು ಬೆಣೆ ಹಾಗೆ ಚೂಪು ಮಾಡುತ್ತೇನೆ, ಸಸಿಯ ತಲೆ ಸೀಳಿ ಕೂರಿಸುತ್ತೇನೆ, ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತೇನೆ. ಒಳಗೆ ಎರಡು ಗಾಯ ಒಂದಾಗುವುದು ನನ್ನ ಕೆಲಸ ಅಲ್ಲ. ಇಪ್ಪತ್ತು ದಿನ ಬಿಟ್ಟು ಚಿಗುರು ನೋಡಿದಾಗಲೆಲ್ಲ ನನ್ನ ಎದೆ ಇನ್ನೂ ಧಸಕ್ ಎನ್ನುತ್ತದೆ. ಕಟ್ಟುವವನು ನಾನು, ಕೂಡಿಸುವವನಲ್ಲ.

ನಿಮ್ಮ ಔಷಧ ನನಗೆ ಯಾಕೆ ಹಿಡಿಯಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಸಿಟ್ಟು ಯಾರ ಮೇಲೆ ಎಂಬುದು ನಿಮ್ಮ ಚಿಂತೆ. ನನಗೆ ಸಿಟ್ಟಿಗೆ ಎಂದೂ ಬರಗಾಲ ಇರಲಿಲ್ಲ, ಯಾರ ಮೇಲೆ ಬೇಕಾದರೂ ಮಾಡುತ್ತೇನೆ. ಅವತ್ತು ನನ್ನ ಚಿಂತೆ ಬೇರೆ ಇತ್ತು. ಅಂಥ ಹೆಂಗಸು ನಲವತ್ತನಾಲ್ಕು ವರ್ಷ ನನ್ನ ಜೊತೆ ಬಾಳಿದಳು. ನಾನು ಎಂಥವನು ಎಂದು ನಿಮಗೆ ಗೊತ್ತು. ಯಾರೂ ಮಾಡಿದ್ದಲ್ಲ, ಯಾರೂ ಕೊಟ್ಟದ್ದಲ್ಲ ಎಂದರೆ ಉಪಕಾರವನ್ನು ನಾನು ಯಾರಿಗೆ ಹೇಳಲಿ? ಎದೆ ತುಂಬಿ ಕೂತಿದ್ದೆ, ನೀವು ಬಂದು ಬಾಗಿಲಿಗೆ ಅಡ್ಡ ನಿಂತಿರಿ.

ಅವಳು ಮೊದಲ ಮಿಡಿ ಕೊಯ್ಯುವಾಗ ಮರ ಮುಟ್ಟಿ ‘ದೇವ್ ಬರೆಂ ಕರುಂ’ ಎನ್ನುತ್ತಿದ್ದಳಲ್ಲ, ಕೋಳಿ ಮೊಟ್ಟೆ ಇಟ್ಟರೂ ಅದನ್ನೇ. ನಮ್ಮ ಕೊಂಕಣಿಯಲ್ಲಿ ಉಪಕಾರ ಹೇಳುವ ಮಾತೇ ಅದು, ದೇವರು ಒಳ್ಳೇದು ಮಾಡಲಿ ಎಂದು. ದೇವರನ್ನು ತೆಗೆದರೆ ನಮ್ಮ ಬಾಯಲ್ಲಿ ಉಪಕಾರವೇ ಉಳಿಯುವುದಿಲ್ಲ. ಪ್ರತಿ ವರ್ಷ ಭರಣಿ ಕೊಡುವಾಗ ‘ಮಾಸ್ತರ್ರೇ, ಒಂದ್ ಸಲ ಹೇಳಿ, ಆಮೇಲೆ ಒಯ್ರಿ’ ಎಂದು ಅವಳು ನಿಮ್ಮನ್ನು ಕಾಡುತ್ತಿದ್ದಳು. ನೀವು ‘ಥ್ಯಾಂಕ್ಸ್ ಸೆಸಿಲಕ್ಕ, ನಿನ್ನ ದೇವ್ರಿಗೆ ನಾನು ಪರಿಚಯ ಇಲ್ಲ’ ಎಂದು ಭರಣಿ ಕಿತ್ತುಕೊಂಡು ಓಡುತ್ತಿದ್ದಿರಿ.

ನೀರು ಹೊಯ್ಸಿ.

ಬಸ್ತ್ಯಾಂವ

—

ಬಿಳಗಿ
೩ ಏಪ್ರಿಲ್ ೨೦೨೪

ಬಸ್ತ್ಯಾಂವಣ್ಣ,

ಈಸ್ಟರ್ ಹಬ್ಬ ಚೆನ್ನಾಗಿ ಆಯಿತೆಂದು ತಿಳಿಯುತ್ತೇನೆ. ಗೋಣಿ ಹೊದೆಸಿದ್ದೇವೆ, ನೀರು ಹೊಯ್ಯುತ್ತಿದ್ದೇವೆ. ತನುಜಾ ‘ಆ ಅಜ್ಜನ ಕಾಗದ ಬಂದಾಗಿಂದ ನನ್ನ ಮಗುವಿಗಿಂತ ಹೆಚ್ಚು ಆರೈಕೆ ಮರಕ್ಕೇ ಆಯ್ತು’ ಎನ್ನುತ್ತಾಳೆ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಉಪಕಾರದ ಮಾತನ್ನು ಹಾಗೇ ಇಟ್ಟುಕೊಂಡಿದ್ದೇನೆ. ಹಲಸಿನ ಮಾತಿಗೆ ಉತ್ತರ ಇದೆ, ಮೇಷ್ಟ್ರ ಚಟ, ಹೇಳದೆ ಇರಲಾರೆ. ಮರ ಬಿದ್ದಾಗ ಅದರಡಿ ಸಿಕ್ಕ ಹಣ್ಣಿನ ಗೊರಟೆಗಳನ್ನು ಅಂಗಳದಲ್ಲಿ ಹಾಕಿದ್ದೆ. ಹನ್ನೊಂದು ಎದ್ದಿವೆ. ನೀನು ಹೇಳಿಕೊಟ್ಟ ಹಾಗೆಯೇ ಒಂದೊಂದು ಎಲೆ ತಿಕ್ಕಿ ಮೂಸಿದೆ. ಒಂದಕ್ಕೆ ಕರ್ಪೂರ, ಒಂದಕ್ಕೆ ಏನೂ ಇಲ್ಲ, ಇನ್ನೊಂದಕ್ಕೆ ಸೀಮೆಎಣ್ಣೆಯ ಹಾಗೆ. ಒಂದೇ ತಾಯಿ, ಹನ್ನೊಂದು ಬಗೆ. ಈ ಸಣ್ಣ ಸಣ್ಣ ವ್ಯತ್ಯಾಸವನ್ನು ಲಕ್ಷಾಂತರ ವರ್ಷ ಬಿಟ್ಟು ನೋಡು, ನಿನ್ನ ಬೇಲಿ ಎಲ್ಲಿರುತ್ತದೆ? ನಾನು ಇಷ್ಟು ವರ್ಷ ಹೇಳುತ್ತಾ ಬಂದದ್ದು ಇದನ್ನೇ.

ನಿನ್ನಷ್ಟು ಚುರುಕು ಕಣ್ಣು ನನ್ನ ಒಬ್ಬ ವಿದ್ಯಾರ್ಥಿಗೂ ಇರಲಿಲ್ಲ. ನೀನು ನಾಲ್ಕನೇ ತರಗತಿಗೇ ಶಾಲೆ ಬಿಡದೆ ಏಳನೆಯವರೆಗಾದರೂ ಓದಿದ್ದರೆ, ಈ ಪಾಠ ನಿನಗೆ ನಾನು ಹೇಳಬೇಕಾಗಿರಲಿಲ್ಲ. ನೀನೇ ನನಗೆ ಹೇಳುತ್ತಿದ್ದೆ.

ಹೊನ್ನಪ್ಪ

—

ಯಲ್ಲಾಪುರ
೧೦ ಏಪ್ರಿಲ್ ೨೦೨೪

ಮಾಸ್ತರ್ರೇ,

ಏಳನೆಯವರೆಗೆ ಓದಿದ್ದರೆ ಎಂದು ಬರೆದಿರಲ್ಲ. ಯಾಕೆ ಓದಲಿಲ್ಲ ಎಂದು ನಲವತ್ತು ವರ್ಷದಲ್ಲಿ ಒಂದು ಸಲ ಕೇಳಿದ್ದೀರಾ? ಬಡತನ ಎಂದುಕೊಂಡಿರಬೇಕು. ಬಡತನ ಇತ್ತು, ಆದರೆ ಅಪ್ಪ ಮಧ್ಯಾಹ್ನದ ಗಂಜಿ ಬಿಟ್ಟಾದರೂ ಸ್ಲೇಟು ತಂದುಕೊಟ್ಟಿದ್ದ. ಸೆಸಿಲಿಗೆ ಮಾತ್ರ ಹೇಳಿದ್ದೆ. ಈಗ ನಿಮಗೆ ಬರೆಯುತ್ತೇನೆ, ಆಮೇಲೆ ಈ ವಿಷಯ ಎತ್ತಬೇಡಿ.

ನಮ್ಮ ಶಾಲೆಗೆ ಒಂದೇ ಕೋಣೆ. ಒಂದರಿಂದ ಏಳನೆಯವರೆಗೆ ಎಲ್ಲ ಅಲ್ಲೇ. ಒಂದು ದಿನ ಮಾಸ್ತರ ದೊಡ್ಡವರಿಗೆಂದು ಒಂದು ಚಿತ್ರಪಟ ತಂದು ಗೋಡೆಗೆ ತೂಗುಹಾಕಿದ. ನೀವು ನೋಡಿದ್ದೀರಿ ಅದನ್ನು. ಎಡಗಡೆ ನಾಲ್ಕು ಕಾಲಿನ ಮಂಗ, ಆಮೇಲೆ ಬಗ್ಗಿ ನಿಂತದ್ದು, ಆಮೇಲೆ ಸ್ವಲ್ಪ ನೆಟ್ಟಗಾದದ್ದು, ಬಲಗಡೆ ತುದಿಯಲ್ಲಿ ಬಿಳಿ ಮನುಷ್ಯ. ಮೂರನೆಯವನ ಬಣ್ಣ ಕಪ್ಪು. ಕೂದಲು ಗುಂಗುರು. ತುಟಿ ದಪ್ಪ.

ಹಿಂದಿನ ಸಾಲಿನಿಂದ ಒಬ್ಬ ಕೂಗಿದ, ‘ಓಯ್ ನೋಡ್ರೋ, ಮೂರನೇದು ನಮ್ ಬಸ್ತ್ಯಾಂವ!’

ಕೋಣೆಗೆ ಕೋಣೆಯೇ ತಿರುಗಿ ನನ್ನನ್ನು ನೋಡಿತು. ಆಮೇಲೆ ಪಟ ನೋಡಿತು. ಆಮೇಲೆ ಮತ್ತೆ ನನ್ನನ್ನು. ಮಾಸ್ತರ ‘ಸುಮ್ನಿರ್ರೋ’ ಎಂದ. ಎನ್ನುವಾಗ ಅವನೂ ನಗುತ್ತಿದ್ದ. ಕೆಟ್ಟ ಮನುಷ್ಯ ಅಲ್ಲ ಅವನು, ನಗು ತಡೆಯಲಾಗಲಿಲ್ಲ ಅಷ್ಟೇ. ನಾನು ಸ್ಲೇಟು ಎತ್ತಿಕೊಂಡು ಎದ್ದು ಬಂದೆ. ಅವತ್ತಿನಿಂದ ಇವತ್ತಿನವರೆಗೆ ಯಾವ ಶಾಲೆಯ ಹೊಸ್ತಿಲನ್ನೂ ತುಳಿದಿಲ್ಲ.

ಮನೆಗೆ ಹೋಗದೆ ಇಗರ್ಜಿಯ ಹಿಂದೆ ಕೂತಿದ್ದೆ. ಮುದುಕ ಪಾದ್ರಿ ನೋಡಿ ಬಂದು ಪಕ್ಕದಲ್ಲೇ ನೆಲದ ಮೇಲೆ ಕೂತರು. ಹೇಳಿದೆ. ಅವರು ನನ್ನ ತಲೆ ಮೇಲೆ ಕೈಯಿಟ್ಟು, ಒಂದು ಕೂದಲು ಹಿಡಿದು ಎಳೆದು ಬಿಟ್ಟರು. ಅದು ಸುರುಳಿಯಾಗಿ ಹಿಂದೆ ಹೋಯಿತು. ‘ನೋಡು ಮಗಾ’ ಎಂದರು. ‘ಬೇರೆಯವರದ್ದು ಸುಮ್ನೆ ಇಳಿಬಿಟ್ಟಿದಾನೆ. ನಿಂದು ಒಂದೊಂದೂ ಕೂತು ಸುತ್ತಿದಾನೆ. ನಿನ್ನ ಮಾಡೋವಾಗ ದೇವ್ರಿಗೆ ಅವಸರ ಇರ್ಲಿಲ್ಲ.’

ಮಾಸ್ತರ್ರೇ, ಆ ಒಂದು ಮಾತಿನ ಮೇಲೆ ನಾನು ಅರವತ್ತು ವರ್ಷ ನಡೆದಿದ್ದೇನೆ. ಪೇಟೆಯಲ್ಲಿ ಜನ ನೋಡಿ ನಕ್ಕಾಗ, ಬಸ್ಸಿನಲ್ಲಿ ಪಕ್ಕದ ಸೀಟಿನಿಂದ ಎದ್ದು ಹೋದಾಗ, ‘ನೀವು ಯಾವ ದೇಶದವ್ರು’ ಎಂದು ನಮ್ಮೂರಿನಲ್ಲೇ ನನ್ನನ್ನು ಕೇಳಿದಾಗ, ತಲೆ ಎತ್ತಿ ನಡೆದಿದ್ದೇನೆ. ದೇವರು ತನ್ನ ಹೋಲಿಕೆಯಲ್ಲಿ ಮನುಷ್ಯನನ್ನು ಮಾಡಿದ ಎಂದು ನಮ್ಮಲ್ಲಿ ಇದೆ. ಯಾವ ಮನುಷ್ಯನನ್ನು ಎಂದು ಬೇರೆ ಹೇಳಿಲ್ಲ. ಎಲ್ಲರನ್ನೂ. ಸಾಲಿನಲ್ಲಿ ಮೂರನೆಯವನು ಎಂದು ಯಾರನ್ನೂ ಮಾಡಲಿಲ್ಲ.

ಈಗಿನ ಸಣ್ಣ ಫಾದರ್ ಹೇಳುತ್ತಾರೆ, ‘ಅಜ್ಜಾ, ದೇವರು ಮಾಡಿದ ಅನ್ನೋದು ನಮ್ಮ ನಂಬಿಕೆ. ಹೇಗೆ ಮಾಡಿದ, ಎಷ್ಟು ಕಾಲ ತಗೊಂಡ ಅನ್ನೋದನ್ನ ವಿಜ್ಞಾನದವರು ಹುಡುಕ್ಲಿ ಬಿಡಿ, ಜಗಳ ಎಂತಕ್ಕೆ?’ ಅವರ ಮೇಲೂ ರೇಗಿ ಎರಡು ಭಾನುವಾರ ಪೂಜೆಗೆ ಹೋಗಲಿಲ್ಲ. ಅವರು ಓದಿದವರು, ಇರಬಹುದು. ಆದರೆ ಅವರನ್ನು ಯಾರೂ ಆ ಪಟದ ಜೊತೆ ಹೋಲಿಸಿ ನೋಡಿಲ್ಲ.

ನಿಮ್ಮ ಹನ್ನೊಂದು ಸಸಿಯ ಲೆಕ್ಕ ನನಗೆ ನಿಮಗಿಂತ ಮೊದಲು ಗೊತ್ತು. ಬೀಜ ಒಂದೊಂದೂ ಬೇರೆ. ನೀವು ಅದನ್ನು ನೋಡಿ ‘ಯಾರೂ ಇಲ್ಲ’ ಎನ್ನುತ್ತೀರಿ. ನಾನು ನೋಡಿ ‘ಎಂಥಾ ಧಾರಾಳಿ, ಒಂದು ಮಾಡಿದ್ದನ್ನು ಎರಡನೇ ಸಲ ಮಾಡುವುದಿಲ್ಲವಲ್ಲ’ ಎನ್ನುತ್ತೇನೆ. ಸೆಸಿಲಿಯನ್ನೂ ಎರಡನೇ ಸಲ ಮಾಡಲಿಲ್ಲ.

ಇಷ್ಟೇ.

ಬಸ್ತ್ಯಾಂವ

—

ಯಲ್ಲಾಪುರ
೨೫ ಮೇ ೨೦೨೪

ಮಾಸ್ತರ್ರೇ,

ಒಂದೂವರೆ ತಿಂಗಳಾಯಿತು, ನಿಮ್ಮ ಕಾಗದ ಇಲ್ಲ. ಸಿಟ್ಟು ಮಾಡುವುದು ನನ್ನ ಕೆಲಸ, ನೀವು ಅದಕ್ಕೆ ಕೈ ಹಾಕಬೇಡಿ, ನಿಮಗೆ ಬರುವುದಿಲ್ಲ.

ಎರಡು ಮಳೆ ಬಿದ್ದಿದೆ. ಕೆಲಸ ಈಗಲೇ ಆಗಬೇಕು, ದೊಡ್ಡ ಮಳೆ ಬಂದರೆ ಹಳ್ಳ ಮರವನ್ನು ಒಯ್ಯುತ್ತದೆ. ಗಮನವಿಟ್ಟು ಓದಿ. ಹಸಿರಿರುವ ಕೊಂಬೆಯಲ್ಲಿ ಪೆನ್ಸಿಲ್ ದಪ್ಪದ ಕಡ್ಡಿ ಆರಿಸಿ. ತೀರಾ ಎಳೆಯದೂ ಬೇಡ, ಬೂದು ತಿರುಗಿದ್ದೂ ಬೇಡ. ಕಡ್ಡಿಯನ್ನು ಮರದಲ್ಲೇ ಬಿಟ್ಟು ಎಲೆ ಮಾತ್ರ ಕತ್ತರಿಸಬೇಕು, ತೊಟ್ಟು ಉಳಿಸಿ. ಹತ್ತು ದಿನದಲ್ಲಿ ತೊಟ್ಟು ತಾನಾಗಿ ಉದುರಿ ಚಿಗುರುವ ಕಣ್ಣು ಉಬ್ಬುತ್ತದೆ. ಆಗ ಕಡ್ಡಿ ಕೊಯ್ಯಿರಿ. ಒದ್ದೆ ಪಾಚಿಯಲ್ಲಿ ಸುತ್ತಿ, ಮೇಲೆ ಬಾಳೆಪಟ್ಟೆ ಕಟ್ಟಿ, ಶೌಕತ್‌ನ ಟೆಂಪೋಕ್ಕೆ ಕೊಡಿ. ಅವನು ಸಿದ್ದಾಪುರದಿಂದ ಶಿರಸಿ ಮೇಲೆ ಯಲ್ಲಾಪುರಕ್ಕೆ ದಿನಾ ಬರುತ್ತಾನೆ. ಹೇಳಿಟ್ಟಿದ್ದೇನೆ.

ಬೇರುಗಿಡ ತಯಾರಿವೆ. ಕೊಡುವ ಮನಸ್ಸಿಲ್ಲದಿದ್ದರೆ ಅದನ್ನೂ ಬರೆಯಿರಿ. ಕಾಯಿಸಬೇಡಿ.

ಬಸ್ತ್ಯಾಂವ

—

ಬಿಳಗಿ
೮ ಜೂನ್ ೨೦೨೪

ಬಸ್ತ್ಯಾಂವಣ್ಣ,

ಈ ಕಾಗದವನ್ನು ಶೌಕತ್ ಕಡ್ಡಿಯ ಕಟ್ಟಿನ ಜೊತೆಗೇ ಕೊಡುತ್ತಾನೆ. ಮೊದಲು ಕಟ್ಟು ಬಿಚ್ಚು, ಕೆಲಸ ಮುಗಿಸಿ ಆಮೇಲೆ ಓದು.

ಸಿಟ್ಟು ಅಲ್ಲ. ಬರೆಯಲು ಕೂತರೆ ಕೈ ಏಳಲಿಲ್ಲ.

ಆ ಪಟವನ್ನು ನಾನೂ ಮೂವತ್ತೊಂದು ವರ್ಷ ಗೋಡೆಗೆ ತೂಗುಹಾಕಿದ್ದೇನೆ. ಪ್ರತಿ ಡಿಸೆಂಬರಿನಲ್ಲಿ, ಅದೇ ಪಾಠ, ಅದೇ ಕೋಲು, ಎಡದಿಂದ ಬಲಕ್ಕೆ. ನಾನಿದ್ದ ಎರಡು ಶಾಲೆಗಳಲ್ಲಿ ಸಿದ್ದಿ ಮಕ್ಕಳಿದ್ದರು. ಹೆಸರು ಹೇಳಬಲ್ಲೆ. ಯಾರಾದರೂ ತಿರುಗಿ ಅವರನ್ನು ನೋಡಿದರೇ, ಅವರು ತಲೆ ತಗ್ಗಿಸಿದರೇ ಎಂದು ನೆನಪು ಮಾಡಿಕೊಳ್ಳಲು ಒಂದೂವರೆ ತಿಂಗಳು ಪ್ರಯತ್ನಿಸಿದೆ. ನೆನಪಾಗುತ್ತಿಲ್ಲ. ಯಾಕೆಂದರೆ ನಾನು ಪಟವನ್ನೇ ನೋಡುತ್ತಿದ್ದೆ, ಮಕ್ಕಳನ್ನಲ್ಲ.

ಆ ಪಟ ಸುಳ್ಳು, ಅಣ್ಣ. ನಿನ್ನ ಶಾಸ್ತ್ರದ ಪ್ರಕಾರ ಮಾತ್ರವಲ್ಲ, ನನ್ನ ವಿಜ್ಞಾನದ ಪ್ರಕಾರವೂ ಸುಳ್ಳು. ಒಬ್ಬರ ಹಿಂದೊಬ್ಬರು ನಿಂತ ಸಾಲು ಇಲ್ಲವೇ ಇಲ್ಲ. ಅದೊಂದು ಮರ, ಕೊಂಬೆ ಕೊಂಬೆಯಾಗಿ ಒಡೆದ ಮರ. ಮನುಷ್ಯರೆಲ್ಲ ಅದರ ಒಂದೇ ರೆಂಬೆಯ ಒಂದೇ ಗೊಂಚಲು. ನೀನು ನನಗಿಂತ ಒಂದು ಕೂದಲಷ್ಟೂ ಹಿಂದಿನವನಲ್ಲ. ಇದು ಗೊತ್ತಿದ್ದೂ ಪಟ ಬದಲಿಸಲಿಲ್ಲ. ಸರಕಾರ ಕೊಟ್ಟದ್ದು, ನೇತುಹಾಕಿದೆ.

ಎಲೆಯನ್ನು ನಾನೇ ಕತ್ತರಿಸಿದೆ. ತನುಜಾ ಬೇಡವೆಂದು ಬೊಬ್ಬೆ ಹಾಕಿದಳು. ‘ಮಾವ, ಕಾಲು ಮುರೀತದೆ ನಿಮ್ದು’ ಎಂದಳು. ಕೂತು ಕೂತು ಅಂಡಿನ ಮೇಲೆ ಜಾರಿ ಹಳ್ಳ ಇಳಿದೆ. ಹತ್ತು ದಿನ ಬಿಟ್ಟು ಮತ್ತೆ ಇಳಿದು ಕೊಯ್ದೆ. ಹನ್ನೆರಡು ಸಿಕ್ಕವು. ಕಣ್ಣು ಉಬ್ಬಿವೆ, ನೋಡು. ನಿನ್ನೆ ಮಧ್ಯಾಹ್ನ ಕೊಯ್ದದ್ದು. ನಿನ್ನೆ ಸಂಜೆಯ ಮಳೆಗೆ ಹಳ್ಳ ತುಂಬಿ, ಬೆಳಿಗ್ಗೆ ನೋಡಿದರೆ ಮರ ಇಲ್ಲ. ಕೆಳಗಿನ ತಿರುವಿನವರೆಗೆ ಎಲ್ಲೂ ಇಲ್ಲ.

ಇನ್ನು ಆ ಜಾತಿ ಭೂಮಿಯ ಮೇಲೆ ಇರುವುದು ನಿನ್ನ ಕೈಯಲ್ಲಿರುವ ಬಾಳೆಪಟ್ಟೆಯೊಳಗೆ ಮಾತ್ರ.

ಹೊನ್ನಪ್ಪ

—

ಯಲ್ಲಾಪುರ
೬ ಜುಲೈ ೨೦೨೪

ಮಾಸ್ತರ್ರೇ,

ಕಟ್ಟು ಬಿಚ್ಚಿ ಮೂಸಿದೆ. ಜೀರಿಗೆ. ಶೌಕತ್ ಅಲ್ಲೇ ನಿಂತಿದ್ದ. ‘ಎಂತಾ ಅಜ್ಜಾ, ಕಡ್ಡಿ ನೋಡಿ ಅಳ್ತ್ರಿ?’ ಎಂದು ಕಿವಿಗೇ ಬಾಯಿಟ್ಟು ಕೂಗಿದ. ‘ನಿನ್ನ ಟೆಂಪೋ ಹೊಗೆ ಕಣೋ’ ಎಂದೆ.

ಅವತ್ತೇ ಹನ್ನೆರಡನ್ನೂ ಕಟ್ಟಿದೆ. ವಯಸ್ಸಾಯಿತು, ಚಾಕು ಈಗ ಒಂದೇ ಎಳೆತಕ್ಕೆ ಹೋಗುವುದಿಲ್ಲ. ಒಂದೊಂದರ ತಲೆಗೂ ಐಸ್‌ಕ್ಯಾಂಡಿಯ ಉದ್ದ ಪ್ಲಾಸ್ಟಿಕ್ ಕೊಟ್ಟೆ ಮುಚ್ಚಿ ನೆರಳಲ್ಲಿಟ್ಟೆ. ಮೊದಲ ವಾರ ಐದು ಕಪ್ಪಾದವು. ಎರಡನೇ ವಾರ ಮೂರು. ಹದಿನೆಂಟನೇ ದಿನ ಇನ್ನೊಂದು. ಮೂರು ಉಳಿದವು, ಹಸಿರೂ ಅಲ್ಲ, ಕಪ್ಪೂ ಅಲ್ಲ. ದಿನಾ ಹೋಗಿ ಮುಂದೆ ಕೂರುತ್ತಿದ್ದೆ. ಬೈಯಲೂ ಹೆದರಿಕೆ.

ಮೊನ್ನೆ ಬೆಳಿಗ್ಗೆ ಕೊಟ್ಟೆಯೊಳಗೆ ಕೆಂಪು ಕಂಡಿತು. ಮಾವಿನ ಎಳೆ ಚಿಗುರಿನ ಆ ಕೆಂಪು, ಈಗ ಹುಟ್ಟಿದ ಮಗುವಿನ ಅಂಗಾಲಿನ ಹಾಗೆ. ಒಂದರಲ್ಲಿ. ನಿನ್ನೆ ಇನ್ನೊಂದರಲ್ಲಿ. ಮೂರನೆಯದು ಸತ್ತಿತು. ಎರಡು ಬದುಕಿವೆ, ಮಾಸ್ತರ್ರೇ. ನೆಲಕ್ಕೆ ಮಂಡಿಯೂರಿ ಅವಳ ಮಾತನ್ನೇ ಹೇಳಿದೆ. ಈ ಸಲ ಮೂಸಿ ನೋಡಿಯೇ ಹೇಳಿದೆ.

ನಿಮ್ಮ ಕಾಗದಕ್ಕೆ ಉತ್ತರ. ಪಟ ಸುಳ್ಳು ಎಂದು ಒಬ್ಬ ಮಾಸ್ತರನ ಬಾಯಿಂದ ಕೇಳಲು ನನಗೆ ಅರವತ್ತೊಂದು ವರ್ಷ ಬೇಕಾಯಿತು. ನಿಮ್ಮ ಕಾಗದವನ್ನು ಮಡಚಿ ಸೆಸಿಲಿಯ ಪ್ರಾರ್ಥನೆ ಪುಸ್ತಕದೊಳಗೆ ಇಟ್ಟಿದ್ದೇನೆ. ಸಣ್ಣ ಫಾದರ್‌ಗೂ ಓದಿ ಹೇಳಿದೆ, ಅವರ ಹತ್ತಿರವೂ ರಾಜಿಯಾಯಿತು. ಹಾಗೆಂದು ನಾನು ನಿಮ್ಮ ಕಡೆ ಬಂದೆ ಎಂದುಕೊಳ್ಳಬೇಡಿ. ಸಾಲು ಅಲ್ಲ, ಮರ ಎಂದಿರಿ. ಮರ ಎಂದ ಮೇಲೆ ನನ್ನ ಅಂಗಳಕ್ಕೇ ಬಂದಿರಿ. ಮರ ಇದ್ದರೆ ನೆಟ್ಟವನೂ ಇದ್ದಾನೆ. ನಿಮಗೆ ಕಾಣದಿದ್ದರೆ ಅವನು ಬೇಸರ ಮಾಡಿಕೊಳ್ಳುವವನಲ್ಲ. ನಾನು ಮಾಡಿಕೊಳ್ಳುತ್ತೇನೆ, ಅದು ಬೇರೆ.

ಮೊಣಕಾಲು ಇಲ್ಲದವರು ಎರಡು ಸಲ ಹಳ್ಳ ಇಳಿದಿರಿ. ಅವತ್ತು ಅಂಗಳದಿಂದ ನಿಮ್ಮನ್ನು ಎಬ್ಬಿಸಿದ್ದು ತಪ್ಪು. ಹೆಂಡತಿ ಸತ್ತವನನ್ನು ಮನ್ನಿಸಿ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ನವೆಂಬರ್ ಎರಡಕ್ಕೆ ನಮ್ಮಲ್ಲಿ ಸತ್ತವರ ದಿನ. ಗೋರಿಗೆ ಹೂ ಇಟ್ಟು ಮೇಣದಬತ್ತಿ ಹಚ್ಚುತ್ತೇವೆ. ಬನ್ನಿ. ಒಂದು ಗಿಡ ನಿಮ್ಮದು. ಶೌಕತ್ ಮುಂದಿನ ಸೀಟು ಕೊಡುತ್ತಾನೆ.

ಬಸ್ತ್ಯಾಂವ

—

ಯಲ್ಲಾಪುರ
೫ ನವೆಂಬರ್ ೨೦೨೪

ಮಾಸ್ತರ್ರೇ,

ಕೊಡೆ ಇಲ್ಲೇ ಬಿಟ್ಟು ಹೋಗಿದ್ದೀರಿ. ಶೌಕತ್‌ನ ಕೈಯಲ್ಲಿ ಕಳಿಸಿದ್ದೇನೆ. ಕನ್ನಡಕದ ಡಬ್ಬಿಯೂ ಅದರೊಳಗಿದೆ. ತಲೆ ಒಂದು ಮರೆಯದೆ ಒಯ್ದಿರಿ, ಪುಣ್ಯ.

ಗಿಡ ಮುಟ್ಟಿದ ಕೂಡಲೇ ನೆಡಿ. ಹಳ್ಳದ ದಂಡೆಯಲ್ಲಿ ಬೇಡ, ಮನೆ ಹಿಂದೆ ದಿಬ್ಬದ ಮೇಲೆ. ಕಸಿಗಂಟು ಮಣ್ಣಿನಿಂದ ಒಂದು ಗೇಣು ಮೇಲಿರಲಿ. ಗಂಟಿನ ಕೆಳಗೆ ಚಿಗುರಿದ್ದನ್ನು ಅವತ್ತವತ್ತೇ ಚಿವುಟಿ, ನನ್ನ ಹಾಗೆ ಮಾಡಬೇಡಿ. ಮೊದಲೆರಡು ವರ್ಷ ಹೂ ಬಂದರೆ ಉದುರಿಸಿಬಿಡಿ. ನೀವು ಆಸೆಬುರುಕರು, ಒಂದು ಮಿಡಿ ಇರಲಿ ಎನ್ನುತ್ತೀರಿ. ಬೇಡ. ತನುಜಾಳ ಮಗುವಿನ ಹಲ್ಲು ಗಟ್ಟಿಯಾಗಿ, ಉಪ್ಪಿನಕಾಯಿ ಕೇಳುವ ಹೊತ್ತಿಗೆ ಮರ ಕೊಡುತ್ತದೆ. ನಾವಿಬ್ಬರೂ ಇರುತ್ತೇವೋ ಇಲ್ಲವೋ, ಅದಕ್ಕೆ ಮರ ಕಾಯುವುದಿಲ್ಲ.

ಇನ್ನೊಂದು ಗಿಡವನ್ನು ನಿನ್ನೆ ನನ್ನ ಅಂಗಳದಲ್ಲಿ ನೆಟ್ಟೆ. ಆ ಕಾಡುಮಾವನ್ನು ಕಡಿಯಲು ಕೊಡಲಿ ತೆಗೆದುಕೊಂಡು ಹೋದವನು ಹಾಗೇ ಬಂದೆ. ಮೂರು ವರ್ಷ ನನ್ನ ಮಾತು ಕೇಳಿಸಿಕೊಂಡು ನಿಂತಿದೆ ಪಾಪ, ಅದನ್ನೂ ಅವನೇ ಮಾಡಿದ್ದು. ಇರಲಿ, ನೆರಳಾಗುತ್ತದೆ.

ಮೊನ್ನೆ ಗೋರಿಯ ಹತ್ತಿರ ನಾನು ಮೇಣದಬತ್ತಿ ಹಚ್ಚಿ ಎದ್ದೇಳುವಾಗ, ನೀವು ಆ ಕೆಟ್ಟ ಮೊಣಕಾಲನ್ನು ಮಡಚಿ ನೆಲಕ್ಕೆ ಕೂತಿರಿ. ಕಲ್ಲಿನ ಮೇಲೆ ಕೈಯಿಟ್ಟು ಏನೋ ಹೇಳಿದಿರಿ. ನನಗೆ ಕಿವಿ ಇಲ್ಲ, ಕೇಳಿಸಲಿಲ್ಲ. ಆದರೆ ನಲವತ್ತು ವರ್ಷ ನಿಮ್ಮ ಬಾಯಿ ನೋಡಿ ಜಗಳ ಆಡಿದವನು ನಾನು, ಕನ್ನಡ ಮಾತಾಡುವಾಗ ನಿಮ್ಮ ತುಟಿ ಹೇಗೆ ಹೋಗುತ್ತದೆ ಎಂದು ಗೊತ್ತು. ಅದು ಕನ್ನಡ ಆಗಿರಲಿಲ್ಲ. ಮೂರೇ ಮೂರು ಮಾತು.

ಏನು ಹೇಳಿದಿರಿ ಎಂದು ಕೇಳುವುದಿಲ್ಲ. ನೀವೂ ಬರೆಯಬೇಡಿ. ಅವಳಿಗೆ ಕೇಳಿಸಿದೆ, ಸಾಕು. ಇಷ್ಟು ವರ್ಷದ ಭರಣಿಗೆಲ್ಲ ಸೇರಿ ಅವಳು ಒಪ್ಪಿಕೊಂಡಿರುತ್ತಾಳೆ.

ನಿಮ್ಮ,
ಬಸ್ತ್ಯಾಂವ